ಹೊಳೆಯಲ್ಲಿ ಓಗೊಟ್ಟವರು

ಹೊಳೆದಂಡೆಯ ಮಠದಲ್ಲಿ ಶಿವಲೀಲಾ ಎಂಬ ಶಿಷ್ಯೆ ಮೂರು ದಿನದಿಂದ ಮೊಬೈಲು ಕೆಳಗಿಟ್ಟಿರಲಿಲ್ಲ. ಜಪಮಣಿ ಮೂಲೆ ಸೇರಿತ್ತು.

ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಅವರು ಬಂದು ಎದುರಿಗೆ ಕೂತರು.

“ಏನ ಹುಡುಕಾಕತ್ತೀಯವ್ವಾ?”

“ನನ್ನ ತಂಗೀನ್ನ, ಅಜ್ಜಾರ. ನಮ್ಮವ್ವ ಹಾಸಿಗಿ ಹಿಡದಾಳ. ನೀಲವ್ವನ ಮುಖ ನೋಡೂತನಕಾ ಗಂಜಿ ಮುಟ್ಟೂದಿಲ್ಲ ಅಂತ ಕುಂತಾಳ.”

“ನೀಲವ್ವ ಎಲ್ಲಿಗೆ ಹ್ವಾದಳು?”

ಶಿವಲೀಲಾ ತಲೆ ತಗ್ಗಿಸಿದಳು. “ಮೂರು ವರ್ಷ ಆತು. ಜಗಳದಾಗ ನಾನೇ ಅಂದೆ, ನನ್ನ ಪಾಲಿಗೆ ನೀ ಸತ್ತಿ ಅಂತ. ಹೊಸ್ತಿಲ ದಾಟಿದಾಕಿ ತಿರುಗಿ ನೋಡಲಿಲ್ಲ.”

“ಇದರಾಗ ಏನಂತ ಬರದಿ?”

“ಕಳೆದುಹೋದ ತಂಗಿ ಅಂತ.”

“ಸಿಕ್ಕಳೇನು?”

“ಲಕ್ಷಗಟ್ಟಲೆ ಬರತಾವ. ಹಾಡು, ಧಾರಾವಾಹಿ, ಯಾರ್ಯಾರದೋ ಫೋಟೋ. ನಮ್ಮಾಕಿ ಇಲ್ಲ.”

ಅಜ್ಜಾರು ಎದ್ದರು. “ನಡಿ, ಕೂಗುಗಲ್ಲಿಗೆ.”

ಹೆಸರು ಕೇಳಿ ಅವಳು ಮುಳುಗುತ್ತಿದ್ದ ಹೊತ್ತಿನತ್ತ ನೋಡಿದಳು. ಮನೆಯವರು ಮರಳಿ ಬಾರದಿದ್ದರೆ ಆ ಸೀಮೆಯ ಜನ ಸಂಜೆ ಆ ಕಲ್ಲಿನ ಮೇಲೆ ನಿಂತು ಹೊಳೆಗೆ ಕೂಗುತ್ತಾರೆ. ಮುಳುಗಿದವರಾದರೆ ಒಳಗಿಂದ ಓಗೊಡುತ್ತಾರೆ. ಓಗೊಟ್ಟರೆ ಅತ್ತು ಮುಗಿಸಿ, ಹುಡುಕುವುದನ್ನು ಬಿಡಬೇಕು. ಇದನ್ನು ನಂಬುವುದಿಲ್ಲ ಅನ್ನುವವರು ಬಹಳ ಮಂದಿ ಇದ್ದಾರೆ. ಹೊತ್ತು ಇಳಿದ ಮೇಲೆ ಅತ್ತ ಕಾಲಿಡುವವರು ಮಾತ್ರ ಅವರಲ್ಲಿ ಒಬ್ಬರೂ ಇಲ್ಲ.

ನೀರಿನ ಮೇಲೆ ಮಂಜು ಕೂತಿತ್ತು. ಶಿವಲೀಲಾ ಕಲ್ಲು ಹತ್ತಿ ಇದ್ದಬದ್ದ ಉಸಿರೆಲ್ಲ ಕೂಡಿಸಿ ಕೂಗಿದಳು.

“ತಂಗೀ!”

“ಓ ಅಕ್ಕಾ.”

ಒಂದು ದನಿಯಲ್ಲ. ಈ ದಂಡೆಯಿಂದ ಆ ದಂಡೆಯವರೆಗೂ ಓ ಅಕ್ಕಾ, ಓ ಅಕ್ಕಾ. ಎಳೆಯ ದನಿಗಳಿದ್ದವು, ಮುದಿ ದನಿಗಳೂ ಇದ್ದವು. ತೊಯ್ದ ಸೀರೆಗಳ ಸಪ್ಪಳ ಮಂಜಿನೊಳಗಿಂದ ಹತ್ತಿರ ಬಂತು. ಮೊಣಕಾಲುದ್ದ ನೀರಿನಲ್ಲಿ ಹೆಂಗಸರು ಬಂದು ನಿಂತರು. ಯಾರ ಮುಖವೂ ಕಾಣುತ್ತಿರಲಿಲ್ಲ.

“ಅಜ್ಜಾರ, ಇವರು ಯಾರ್ರೀ?”

“ನೀನೇ ಕರದಿ. ತಂಗಿ ಅಂದಿ, ತಂಗಿ ಆದವರೆಲ್ಲ ಬಂದ್ರು.”

“ನೀಲವ್ವಾ!”

ಮುಕ್ಕಾಲು ಜನ ಹಿಂದೆ ಸರಿದರು. ಏಳೆಂಟು ಮಂದಿ ಮಾತ್ರ ಇನ್ನಷ್ಟು ಹತ್ತಿರ ಬಂದರು. ಒಂದು ಒದ್ದೆ ಕೈ ಅವಳ ಪಾದದ ಪಕ್ಕದಲ್ಲೇ ಕಲ್ಲಿನ ಅಂಚು ಹಿಡಿಯಿತು.

ಶಿವಲೀಲಾ ಕಾಲು ಹಿಂದಕ್ಕೆ ಎಳೆದುಕೊಂಡಳು. “ಇವರಾಗ ನಮ್ಮಾಕಿ ಅದಾಳೇನ್ರಿ?”

“ನಿನ್ನ ದುಃಖಾ ಕೂಗಬ್ಯಾಡವ್ವಾ. ಆಕಿನ್ನ ಕಳಕೊಂಡಾಕಿ ನೀನು. ಆಕಿ ತನಗ ತಾನು ಕಳೆದುಹೋದಾಕಿ ಅಂತಾಳೇನು? ಆಕಿ ಬಾಯಾಗಿಂದ ಬರೂವಂಥಾ ಮಾತು ಹುಡುಕು. ಬ್ಯಾರೆ ಯಾರಿಗೂ ಹೊಂದಬಾರದು.”

ಅವಳು ಕಣ್ಣು ಮುಚ್ಚಿದಳು. ನೀಲವ್ವ ಹಳೆ ಸೀರೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಪ್ರತಿ ಕೌದಿಯ ಮೂಲೆಯಲ್ಲೂ ಕೆಂಪು ದಾರದಲ್ಲಿ ಒಂದು ಚೇಳು. ಸಣ್ಣವಳಿದ್ದಾಗ ತನ್ನನ್ನು ಕಡಿದ ಚೇಳನ್ನು ಹೀಗೆ ಹೊಲಿದು ಮಲಗಿಸಿದ್ದೇನೆ ಎಂದು ನಗುತ್ತಿದ್ದಳು.

“ಕೌದಿ ಮೂಲ್ಯಾಗ ಕೆಂಪು ಚೇಳು ಹೊಲಿಯೋ ನೀಲವ್ವಾ!”

ಕಲ್ಲು ಹಿಡಿದಿದ್ದ ಕೈ ಬಿಟ್ಟಿತು. ಹೊಳೆ ಸುಮ್ಮನಾಯಿತು.

ಶಿವಲೀಲಾ ಕುಸಿದು ಕೂತು ಅತ್ತಳು. “ಯಾರೂ ಓ ಅನ್ನವಲ್ಲರು.”

“ಅದಕ್ಕ ಯಾಕ ಅಳತೀ? ಹೊಳ್ಯಾಗ ಇಲ್ಲ ಆಕಿ. ಈಗ ಆ ಮಾತು ನಿನ್ನ ಮೊಬೈಲಿನಾಗ ಬರಿ.”

ಕೌದಿ, ಕೆಂಪು ಚೇಳು. ಅವಳು ಅಷ್ಟೇ ಬರೆದಳು. ಒಂದೇ ಒಂದು ಪುಟ ಬಂತು. ಯಾವುದೋ ಊರಿನಲ್ಲಿ ಹಗ್ಗದ ಮೇಲೆ ಒಣಹಾಕಿದ ಕೌದಿ, ಮೂಲೆಯಲ್ಲಿ ಕೆಂಪು ಚೇಳು, ಕೆಳಗೆ ಫೋನ್ ನಂಬರು.

ನಾಲ್ಕನೇ ರಿಂಗಿಗೆ ಎತ್ತಿದರು. “ಹಲೋ, ಯಾರು?”

“ನೀಲೀ, ನಾನು.”

ಆ ಕಡೆಯ ದನಿ, “ಅವ್ವ ಹೆಂಗದಾಳ?” ಎಂದಿತು.

“ನಿನ್ನ ದಾರಿ ಕಾಯಾಕತ್ತಾಳ. ತಪ್ಪು ನಂದು. ಬಾ.”

“ಮುಂಜಾನಿ ಮೊದಲನೇ ಬಸ್ಸಿಗೇ ಬರತೀನಿ.”

ಶಿವಲೀಲಾ ಸೆರಗಿನಿಂದ ಮುಖ ಒರೆಸಿಕೊಂಡು ಕಲ್ಲಿನಿಂದ ಇಳಿದಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದಳು. ಹಿಂದೆ ಸರಿದವರೆಲ್ಲ ಮತ್ತೆ ಬಂದಿದ್ದರು. ಮೊಬೈಲಿನ ಬೆಳಕಿನತ್ತ ಮುಖ ಮಾಡಿ ಸೊಂಟದುದ್ದ ನೀರಿನಲ್ಲಿ ನಿಂತೇ ಇದ್ದರು.

“ಅಜ್ಜಾರ, ಇವರು ಯಾಕ ಇನ್ನೂ ಹೋಗವಲ್ಲರು?”

“ಇವರನ್ನೂ ಯಾರ್ಯಾರೋ ಹುಡುಕಾಕತ್ತಾರವ್ವಾ. ಬರೀ ತಂಗಿ ಅಂತ.”