ಗೌಜಿಗನಹಳ್ಳಿಯ ಮೇಷ್ಟರ ಗುಡ್ಡ

ಗೌಜಿಗನಹಳ್ಳಿಯ ಉತ್ತರಕ್ಕೆ ಒಂದು ಬೋಳು ಗುಡ್ಡವಿದೆ. ಮೇಷ್ಟರ ಗುಡ್ಡ ಎಂದು ಅದರ ಹೆಸರು. ಕಾರೆ ಮುಳ್ಳಿನ ಪೊದೆಗಳ ನಡುವೆ ಕಾಲುದಾರಿ, ಬಂಡೆಯ ಸಂದಿಗಳಲ್ಲಿ ಸೀತಾಫಲದ ಗಿಡ, ನೆತ್ತಿಯಲ್ಲಿ ಸೂರು ಹಾರಿಹೋದ ಒಂದು ಕಲ್ಲಿನ ಮನೆ, ಅದರ ಮಗ್ಗುಲಿಗೆ ಬೇಸಗೆಯಲ್ಲೂ ತಳ ಕಾಣದ ನೀರಿನ ದೊಣೆ. ಹೊಸಬರು ಬಂದರೆ ಮೊದಲು ಕೇಳುವುದು, ಶಾಲೆ ಎಲ್ಲಿತ್ತು ಎಂದು. ಸರ್ಕಾರದ ಶಾಲೆ ಇಲ್ಲಿ ಎಂದೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಆ ಮೇಷ್ಟರು ಮೇಷ್ಟರೂ ಆಗಿರಲಿಲ್ಲ. ಹೀಗೆಂದರೆ ಊರವರು ಮೂಗು ಮುರಿಯುತ್ತಾರೆ, ಆದ್ದರಿಂದ ಮೆಲ್ಲಗೆ ಹೇಳಬೇಕು. ಊರಿನಲ್ಲಿ ಒಂದು ಪದ್ಧತಿಯಿದೆ. ಮಗು ಅಕ್ಷರ ಕೂಡಿಸಿ ಓದಲು ಕಲಿತ ಮೇಲೆ ಅದನ್ನು ಗುಡ್ಡಕ್ಕೆ ಕರೆತಂದು, ಆ ಮನೆಯ ಬಾಗಿಲ ಬಳಿ ನಿಂತಿರುವ ಕಲ್ಲಿನ ಬರಹವನ್ನು ಗಟ್ಟಿಯಾಗಿ ಓದಿಸುತ್ತಾರೆ. ಜೊತೆಗೆ ಇಬ್ಬರು ದೊಡ್ಡವರು ಇರಲೇಬೇಕು. ಒಬ್ಬರೇ ಬಂದಿದ್ದರೆ, ಇಳಿಜಾರಿನಲ್ಲಿ ಕುರಿ ಮೇಯಿಸುವವನನ್ನಾದರೂ ಕೂಗಿ ಕರೆದು ನಿಲ್ಲಿಸಿಕೊಳ್ಳುತ್ತಾರೆ. ಯಾಕೆ ಇಬ್ಬರು ಎಂದು ಕೇಳಿ ನೋಡಿ. "ಹಂಗೇ ನಡ್ಕೊಂಡು ಬಂದೈತೆ" ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಸಿಗುವುದಿಲ್ಲ.

ಹಿಂದೆ ಒಮ್ಮೆ, ಮೈಸೂರು ಸೀಮೆ ಕಮಿಷನರರ ಕೈಯಲ್ಲಿದ್ದ ಕಾಲದಲ್ಲಿ, ನೆಲ ಅಳೆಯುವ ಕೆಲಸಕ್ಕೆಂದು ಒಬ್ಬ ಬಿಳಿಯ ಅಧಿಕಾರಿ ಈ ಗುಡ್ಡ ಹತ್ತಿದನಂತೆ. ಅಲಸ್ಟೇರ್ ಎಂದು ಅವನ ಹೆಸರು. ಸ್ಕಾಟ್ಲೆಂಡ್ ಎಂಬ ಚಳಿಸೀಮೆಯಲ್ಲಿ ಗ್ಲೆನ್‌ಶಾರ ಎಂಬ ಮನೆತನ, ನಮ್ಮ ಕಡೆಯ ಪಾಳೆಯಗಾರರ ಮನೆಗಳಂಥದು. ಅದರ ಮೂರನೆಯ ಮಗ ಇವನು. ಆ ಮನೆಯ ಮಕ್ಕಳು ಮಾತು ಕಲಿಯುತ್ತಿದ್ದಂತೆಯೇ ಹಿರಿಯರ ಹೆಸರುಗಳನ್ನು ಒಪ್ಪಿಸಬೇಕಾಗಿತ್ತು. ಯಾರ ಮಗ ಯಾರು, ಯಾವನು ಯಾವ ಕಾಳಗದಲ್ಲಿ ಬಿದ್ದ, ಯಾವನು ಒಡಹುಟ್ಟಿದವನನ್ನು ಬಾವಿಗೆ ನೂಕಿ ಪಟ್ಟಕ್ಕೆ ಬಂದ, ಯಾವ ವಿಧವೆ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಕೋಟೆ ಉಳಿಸಿದಳು, ಎಲ್ಲವೂ ಬಾಯಿಪಾಠ. ನಡುವೆ ಒಂದು ಹೆಸರು ಬಿಟ್ಟುಹೋದರೂ ಆ ಹೊತ್ತಿನ ಊಟ ತಪ್ಪುತ್ತಿತ್ತು. ವಂಶ ಎಂದರೆ ಅಲಸ್ಟೇರನಿಗೆ ಹಸಿವು ನೆನಪಾಗುತ್ತಿತ್ತು. ಮೇಲೆ ಇಬ್ಬರು ಅಣ್ಣಂದಿರಿದ್ದಾರೆ, ಆ ಹೊರೆ ತನ್ನ ತಲೆಗೆ ಬರುವುದಿಲ್ಲ ಎಂಬ ಒಂದೇ ನೆಮ್ಮದಿಯಲ್ಲಿ ಅವನು ಹಡಗು ಹತ್ತಿದ್ದ. ಗುಡ್ಡದ ನೆತ್ತಿಯಲ್ಲಿ ಕಲ್ಲಿನ ಮನೆ ಕಟ್ಟಿಸಿ, ಬಾವುಟ ನೆಟ್ಟು, ಸುತ್ತಲಿನ ಗುಡ್ಡಗಳನ್ನು ದುರ್ಬೀನಿನಲ್ಲಿ ನೋಡುತ್ತ ಕುಳಿತ. ಅಲ್ಲಿ ಯಾರೂ ಅವನ ತಾತನ ಹೆಸರು ಕೇಳಲಿಲ್ಲ.

ಆದರೆ ಸಾವು ಟಪ್ಪಾಲಿನ ಜೊತೆ ಗುಡ್ಡ ಹತ್ತುತ್ತ ಬಂತು. ಮೊದಲು ಹಿರಿಯಣ್ಣ ಕುದುರೆಯಿಂದ ಬಿದ್ದು ಸತ್ತ. ಆ ಸುದ್ದಿ ಸಮುದ್ರ ದಾಟಿ ಇಲ್ಲಿಗೆ ಮುಟ್ಟುವಷ್ಟರಲ್ಲಿ ಗೋರಿಯ ಮೇಲೆ ಹುಲ್ಲು ಬೆಳೆದು ಒಣಗಿತ್ತು. ಆ ದುಃಖ ಇನ್ನೂ ಹಸಿಯಾಗಿರುವಾಗಲೇ ಎರಡನೆಯವನು ಎದೆಬೇನೆಯಲ್ಲಿ ಹೋದ. ಈಗ ಮುದಿ ತಂದೆಯ ನಂತರ ಉಳಿದವನು ಅಲಸ್ಟೇರನೊಬ್ಬನೇ. ಆ ದೇಶದಲ್ಲಿ ದೊರೆ ಬದುಕಿರುವ ತನಕ ಪಟ್ಟಕ್ಕೆ ಬರಬೇಕಾದವನನ್ನು 'ಮಾಸ್ಟರ್' ಎಂದು ಕರೆಯುವ ವಾಡಿಕೆ. ನಮ್ಮಲ್ಲಿ ಯುವರಾಜ ಎಂದಂತೆ. ದುಭಾಷಿ ವೆಂಕೋಬರಾಯರು ಈ ಬಿರುದನ್ನು ಚಾವಡಿಯಲ್ಲಿ ನಿಂತು ಸಾರಿದರು. "ಇವತ್ತಿಂದ ನಮ್ಮ ದೊರೆಗಳು ಮಾಸ್ಟರ್ ಆಗಿದಾರೆ. ಎಲ್ಲರೂ ಹಾಗೇ ಕರೀಬೇಕು." ಊರವರ ಕಿವಿಗೆ ಬಿದ್ದದ್ದು ಮೇಷ್ಟ್ರು. ಕಸಬೆಯಲ್ಲಿ ಆಗತಾನೆ ಸರ್ಕಾರದ ಶಾಲೆ ತೆರೆದಿತ್ತು. ತಮಗೆ ಕೇಳದೆಯೇ ಮೇಷ್ಟರು ಸಿಕ್ಕಿದರೆಂದು ಪಟೇಲ ಮುದ್ದವೀರಪ್ಪ ಹಿಗ್ಗಿಹೋದ. ಮರುದಿನ ಬೆಳಗ್ಗೆ, ಅಣ್ಣನ ಸೂತಕದಲ್ಲಿ ಗಡ್ಡ ಬಿಟ್ಟು ಕುಳಿತಿದ್ದವನ ಮುಂದೆ ಬೆಲ್ಲ, ತೆಂಗಿನಕಾಯಿ ಹಿಡಿದ ತಾಯಂದಿರು, ಎಣ್ಣೆ ಹಚ್ಚಿ ತಲೆ ಬಾಚಿಸಿಕೊಂಡ ಮಕ್ಕಳು. ತಪ್ಪು ತಿಳಿಸಬೇಕೆಂದರೆ ಗ್ಲೆನ್‌ಶಾರದ ಪುರಾಣವನ್ನೆಲ್ಲ ಮೊದಲಿಂದ ಬಿಚ್ಚಬೇಕಿತ್ತು. ಅದು ಅವನಿಂದ ಆಗಲಿಲ್ಲ. ಅಷ್ಟು ದಣಿದಿದ್ದ. ಮರಳು ತರಿಸಿ, ಬಂಡೆಯ ಮೇಲೆ ಹರಡಿ, ವೆಂಕೋಬರಾಯರಿಂದ ತಾನು ಕಲಿತಿದ್ದ 'ಅ' ಬರೆದು ತೋರಿಸಿದ. ಇನ್ನು ನಾವೂ ಅವರನ್ನು ಮೇಷ್ಟರು ಎಂದೇ ಕರೆಯೋಣ. ಅವರ ನಾಲಿಗೆಗೆ ಳಕಾರ ಕಡೆಯವರೆಗೂ ಒಗ್ಗಲಿಲ್ಲ. ಈ ಊರಿನವರು ಮಾತಿನ ಭರದಲ್ಲಿ 'ಹಳ್ಳಿ'ಯನ್ನು 'ಹಲ್ಲಿ' ಎಂದುಬಿಟ್ಟರೆ ಪಕ್ಕದೂರಿನವರು ಇಂದಿಗೂ "ಮೇಷ್ಟ್ರ ಶಿಷ್ಯ ಬಂದ" ಎಂದು ರೇಗಿಸುತ್ತಾರೆ.

ಮೇಷ್ಟರ ಮನೆಗೆ ದೊಣೆಯಿಂದ ನೀರು ಹೊತ್ತು ಹಾಕುತ್ತಿದ್ದವಳು ಕದಿರಮ್ಮ, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮೊದಲು ನೀರು ಹಾಕಿ ಇಳಿದುಹೋಗುತ್ತಿದ್ದಳು, ಆಮೇಲೆ ಮುದ್ದೆ ಮಾಡಿಟ್ಟು ಹೋಗುತ್ತಿದ್ದಳು, ಕಡೆಗೆ ರಾತ್ರಿ ಇಳಿಯುವುದನ್ನೇ ಬಿಟ್ಟಳು. ಸಿಂಗಮ್ಮ ಎಂಬ ಮಗಳು ಹುಟ್ಟಿದಳು. ಮೇಷ್ಟರು ತಾಯಿ ಮಗಳನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಜನರೆದುರು 'ನನ್ನ ಹೆಂಡತಿ' ಎಂಬ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. ಊರಿನ ಹೆಂಗಸರಿಗೆ ಅಷ್ಟು ಸಾಕಾಯಿತು. ಎಂದಾದರೂ ಊರ ಬಾವಿಗೆ ಹೋಗಿ ಕದಿರಮ್ಮ ಕೊಡ ಇಳಿಸಿದರೆ ಅವರು ತಮ್ಮ ಕೊಡಗಳನ್ನು ಸರಿಸಿಕೊಳ್ಳುತ್ತಿದ್ದರು. ಒಂದು ದಿನ ಅವಳು ತಡೆಯಲಾರದೆ ಕೇಳಿದಳು. "ನಾಕ್ ಜನದ ಮುಂದೆ ಒಂದ್ಸಲ ಹೆಂಡ್ತಿ ಅನ್ರಿ. ನಿಮ್ಮ ಗಂಟೇನು ಹೋಗ್ತೈತೆ?" ಮೇಷ್ಟರು ತಮ್ಮ ದೇಶದ ಕಟ್ಟಳೆಯನ್ನು ತಿಳಿಸಿದರು. ಅಲ್ಲಿ ಮದುವೆಗೆ ತಾಳಿ ಬೇಡ, ಪುರೋಹಿತನೂ ಬೇಡ. ಇಬ್ಬರು ಸಾಕ್ಷಿಗಳ ಎದುರು ಗಂಡು ಇವಳು ನನ್ನ ಹೆಂಡತಿ ಎಂದು, ಹೆಣ್ಣು ಹೌದು ಎಂದರೆ ಅದೇ ಮದುವೆ. ಗಂಡುಮಕ್ಕಳಿಲ್ಲದಿದ್ದರೆ ಪಟ್ಟ ಹೆಣ್ಣಿಗೂ ಇಳಿಯುವ ಮನೆ ಅವರದು. "ನಾನು ಆ ಮಾತು ಅಂದ ದಿನ ಸಿಂಗಿ ಆ ಮನೆಯವಳಾಗ್ತಾಳೆ. ಅವರು ಬಂದು ಕರೆದುಕೊಂಡು ಹೋಗ್ತಾರೆ. ನಾನು ಕಲಿತ ಹೆಸರುಗಳನ್ನೆಲ್ಲ ಅವಳಿಗೂ ಕಲಿಸ್ತಾರೆ." ಕದಿರಮ್ಮ ಆಮೇಲೆ ಆ ಮಾತೆತ್ತಲಿಲ್ಲ. ಕಾರಣ ತಿಳಿದರೂ ನೋವು ಕಡಿಮೆಯಾಗಲಿಲ್ಲ, ಬಾವಿಯ ಬಳಿ ಕೊಡಗಳು ಸರಿಯುವುದೂ ನಿಲ್ಲಲಿಲ್ಲ.

ಸಿಂಗಮ್ಮ ಮರಳಿನಲ್ಲಿ ಒತ್ತಕ್ಷರ ಬರೆಯುವಷ್ಟು ದೊಡ್ಡವಳಾದಾಗ ಗ್ಲೆನ್‌ಶಾರದ ವಕೀಲ ಟುಲಾಕ್ ಮೇನೆಯಲ್ಲಿ ಬಂದಿಳಿದ. ಮುದಿ ದೊರೆ ತೀರಿಹೋಗಿದ್ದ. ಇನ್ನು ನೀವು ಮಾಸ್ಟರ್ ಅಲ್ಲ, ಲಾರ್ಡ್, ಎಂದು ಆತ ತಲೆಬಾಗಿ ಹೇಳಿದ. ಸುದ್ದಿ ತಿಳಿಯಲು ಗುಡ್ಡ ಹತ್ತಿ ಬಂದಿದ್ದ ಊರವರಿಗೆ ವೆಂಕೋಬರಾಯರು ಅದರ ಮೊದಲರ್ಧವನ್ನಷ್ಟೇ ಕನ್ನಡಕ್ಕೆ ತಂದಿದ್ದರು, ಅಷ್ಟರಲ್ಲೇ ಗದ್ದಲವೆದ್ದಿತು. ಮುದ್ದವೀರಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದು ವಕೀಲನ ಮುಂದೆ ನಿಂತ. "ನಮ್ ಮೇಷ್ಟ್ರನ್ನ ಯಾಕ್ ಬುದ್ಧಿ ಕೆಲಸದಿಂದ ತೆಗೆದ್ರಿ? ಅವರ ಕೈಯಾಗೆ ಏನಾರ ತೆಪ್ಪಾಗಿದ್ರೆ ನಾವೇ ನಿಮ್ಮ ಕಾಲಿಗೆ ಬೀಳ್ತೀವಿ. ಈ ಹುಡ್ರಿಗೆ ಇನ್ಯಾರು ಗತಿ?" ಅದನ್ನು ಕೇಳಿ ಮೇಷ್ಟರು ನಕ್ಕರಂತೆ. ಸತ್ತ ತಂದೆಯ ಸುದ್ದಿ ಕೇಳಿದ ಗಳಿಗೆಯಲ್ಲಿ ನಗಬಾರದಿತ್ತು, ಆದರೂ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ವಕೀಲ ಅಷ್ಟು ಹೊತ್ತಿಗೆ ಸಿಂಗಮ್ಮನನ್ನು ನೋಡಿಬಿಟ್ಟಿದ್ದ. ಗ್ಲೆನ್‌ಶಾರದ ಹಜಾರದಲ್ಲಿ ತೂಗುಹಾಕಿದ ಅಷ್ಟೂ ಚಿತ್ರಪಟಗಳಲ್ಲಿದ್ದ ಅಗಲ ಹಣೆ, ಕೆಂಗೂದಲು ಈ ಹುಡುಗಿಗೂ ಇದ್ದವು. ಆತನೇನೂ ಕೆಟ್ಟವನಲ್ಲ. ಮುಳುಗುತ್ತಿರುವ ಮನೆಗೆ ಒಂದು ಕುಡಿ ಸಿಕ್ಕಿತೆಂದು ಹಿಗ್ಗಿದ. ನಾನಿದ್ದೇನೆ, ಈ ದುಭಾಷಿಯಿದ್ದಾನೆ, ಇಬ್ಬರು ಸಾಕ್ಷಿಗಳಾದೆವು. ನೀವು ಒಂದು ಮಾತು ಹೇಳಿ, ಮಗುವನ್ನು ಬಂದ ಹಡಗಿನಲ್ಲೇ ಕರೆದೊಯ್ಯುತ್ತೇನೆ ಎಂದ. ತಾಯಿಯನ್ನೂ ಕರೆದೊಯ್ಯುವ ಮಾತು ಅವನ ಬಾಯಲ್ಲಿ ಬರಲಿಲ್ಲ. ಮೇಷ್ಟರು ಕದಿರಮ್ಮನತ್ತ ನೋಡಿದರು. ಇಡೀ ಊರು ಅಲ್ಲಿ ನೆರೆದಿತ್ತು. ಇಷ್ಟು ವರ್ಷ ಅವಳು ಬಯಸಿದ ಮಾತಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಬರುವಂತಿರಲಿಲ್ಲ. ಹೇಳಿದರೆ ಮಗಳು ಹೋಗುತ್ತಾಳೆ, ಹೇಳದಿದ್ದರೆ ಈ ಮಾನ ಮತ್ತೆಂದೂ ಬರುವುದಿಲ್ಲ. ಮೇಷ್ಟರ ಬಾಯಿ ಕಟ್ಟಿಹೋಯಿತು. ವಕೀಲ ಅವರನ್ನು ಬಿಟ್ಟು ಕದಿರಮ್ಮನ ಕಡೆ ತಿರುಗಿದ, ವೆಂಕೋಬರಾಯರು ತಗ್ಗಿದ ದನಿಯಲ್ಲಿ ಕೇಳಿದರು. "ಅಮ್ಮಾ, ನೀನು ಇವರಿಗೆ ಏನಾಗಬೇಕು?"

ಕದಿರಮ್ಮ ಸೆರಗು ಸರಿಮಾಡಿಕೊಂಡಳು. ಅವಳ ಸೀರೆಯ ಚುಂಗು ಹಿಡಿದು ಸಿಂಗಮ್ಮ ನಿಂತಿದ್ದಳು.

"ಏನೂ ಆಗ್ಬೇಕಾಗಿಲ್ಲ ಸ್ವಾಮಿ. ನಾನು ನೀರು ಹೊರೋಳು. ಮಗು ನಂದು, ನನ್ನೊಬ್ಬಳದೇ."

ಮೇಷ್ಟರು ಏನೋ ಹೇಳಲು ಬಾಯಿ ತೆರೆದರು. ಅವಳು ಅವರನ್ನು ದಿಟ್ಟಿಸಿ ನೋಡಿದಳು, ಅವರು ಮುಚ್ಚಿಕೊಂಡರು. ಆಮೇಲೆ ವಕೀಲನಿಗೆ, ನಾನು ಬರುವುದಿಲ್ಲ, ಮಾಸ್ಟರ್ ಆಗಿಯೇ ಇದ್ದುಬಿಡುತ್ತೇನೆ ಎಂದರು. ತಂದೆ ಸತ್ತ ಮೇಲೂ ಮಾಸ್ಟರ್ ಆಗಿರಲು ಯಾರಿಗೂ ಆಗದು ಎಂದ ಟುಲಾಕ್. ಈ ಊರಿನಲ್ಲಿ ಆಗುತ್ತದೆ ಎಂದರು ಮೇಷ್ಟರು. ಮೇನೆ ಬಂದ ದಾರಿಯಲ್ಲೇ ಇಳಿದುಹೋಯಿತು. ಗ್ಲೆನ್‌ಶಾರದ ಪಟ್ಟ ಯಾವುದೋ ದೂರದ ದಾಯಾದಿಯ ಪಾಲಾಗಿ, ಅವನ ಕಾಲಕ್ಕೇ ಅಳಿದುಹೋಯಿತು ಎನ್ನುತ್ತಾರೆ. ಗೌಜಿಗನಹಳ್ಳಿಯವರು ಮಾತ್ರ ತಮ್ಮ ಮೇಷ್ಟರ ನೌಕರಿ ಉಳಿಯಿತೆಂದು ಆ ವಾರ ಹೋಳಿಗೆ ಮಾಡಿ ಉಂಡರು. ಹೋಳಿಗೆ ಗುಡ್ಡಕ್ಕೂ ಬಂತು. ನೀರು ಹೊರುವವಳ ಪಾಲನ್ನು ಬೇರೆ ಎಲೆಯಲ್ಲಿ ಕಟ್ಟಿದ್ದರು.

ಮೇಷ್ಟರು ಆಮೇಲೂ ಬಹುಕಾಲ ಬದುಕಿದರು, ಆದರೆ ಆ ದಿನದ ದಣಿವು ಅವರಿಂದ ಇಳಿಯಲಿಲ್ಲ. ಕೂದಲು ಪೂರಾ ಬೆಳ್ಳಗಾದಾಗ ಮರಳಿನ ಮುಂದೆ ಕುಳಿತು ಮಕ್ಕಳ ಕೈ ಹಿಡಿದು ತಿದ್ದಿಸುವ ಕೆಲಸವನ್ನು ಸಿಂಗಮ್ಮ ವಹಿಸಿಕೊಂಡಳು. ಒಂದು ಬೇಸಗೆಯ ಮಧ್ಯಾಹ್ನ, ಜ್ವರದಲ್ಲಿ ಮಲಗಿದ್ದ ಅವರು ಮಗಳನ್ನು ಹತ್ತಿರ ಕರೆದು, ತೊದಲದೆ, ತಿಳಿಯಾಗಿ ಹೇಳಿದರು. "ಸಿಂಗಿ, ಕೇಳಿಸ್ಕೋ. ಕದಿರಮ್ಮ ನನ್ನ ಹೆಂಡತಿ." ಹೊಸ್ತಿಲ ಬಳಿ ರಾಗಿ ಕೇರುತ್ತಿದ್ದ ಕದಿರಮ್ಮನ ಕೈ ನಿಂತಿತು. ಇಷ್ಟು ಕಾಲದ ಮೇಲೆ ಆ ಮಾತು ಕಿವಿಗೆ ಬಿದ್ದಾಗ ಅವಳಿಗೆ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. "ಒಬ್ಬಳೇ ಕೇಳಿದ್ರೆ ನಡಿಯಲ್ಲ ಅಂತಿದ್ರಲ್ಲ, ನಿಮ್ ದೇಶದಾಗೆ" ಎಂದಳು. "ಇನ್ನೊಬ್ಬರನ್ನ ಕರಿ" ಎಂದರು ಮೇಷ್ಟರು. "ಬಿಸಿಲು ಇಳೀಲಿ, ಪಟೇಲರಿಗೆ ಹೇಳಿ ಕಳಿಸ್ತೀನಿ. ಈಗ ಮಲಿಕ್ಕಳಿ." ಬಿಸಿಲು ಇಳಿಯುವಷ್ಟರಲ್ಲಿ ಅವರು ಇರಲಿಲ್ಲ.

ಕದಿರಮ್ಮ ಸಾಯುವ ತನಕ ನೀರು ಹೊರುವವಳಾಗಿಯೇ ಉಳಿದಳು. ಊರೆದುರು ತಾನೇ ಆಡಿದ ಮಾತನ್ನು ತಾನೇ ಹಿಂದಕ್ಕೆ ಪಡೆಯಲು ಅವಳು ಒಪ್ಪಲಿಲ್ಲ. ತಂದೆಯ ನಂತರ ಊರು ಸಿಂಗಮ್ಮನನ್ನು ಮೇಷ್ಟ್ರಮ್ಮ ಎನ್ನದೆ ಮೇಷ್ಟ್ರು ಎಂದೇ ಕರೆಯಿತು. ಹೀಗೆ, ಯಾರೂ ಪಟ್ಟ ಕಟ್ಟದಿದ್ದರೂ, ಗ್ಲೆನ್‌ಶಾರದ ಆ ಬಿರುದು ತಂದೆಯಿಂದ ಮಗಳಿಗೆ ಇಳಿಯಿತು. ತಾಯಿ ಮಣ್ಣಾದ ಮೇಲೆ ಅವಳು ಕಲ್ಲುಕುಟಿಕನನ್ನು ಕರೆಸಿ ಆ ಕಲ್ಲನ್ನು ನಿಲ್ಲಿಸಿದಳು. ತನ್ನ ಹತ್ತಿರ ಓದು ಕಲಿತ ಪ್ರತಿ ಮಗುವೂ ಅದನ್ನು ಇಬ್ಬರೆದುರು ಗಟ್ಟಿಯಾಗಿ ಓದಬೇಕೆಂದು ಕಟ್ಟು ಮಾಡಿದಳು.

ಈಗ ಹೋದವರಿಗೂ ಆ ಕಲ್ಲು ಕಾಣುತ್ತದೆ. ಮೇಲಿನ ಸಾಲು ಇಂಗ್ಲಿಷಿನಲ್ಲಿದೆ: ಅಲಸ್ಟೇರ್, ಮಾಸ್ಟರ್ ಆಫ್ ಗ್ಲೆನ್‌ಶಾರ. ಬಲ್ಲವರು ಬಂದು ಅದು ತಪ್ಪು, ಲಾರ್ಡ್ ಎಂದಿರಬೇಕಿತ್ತು ಎಂದು ಹೇಳಿ ಹೋಗುತ್ತಾರೆ. ಅದರ ಕೆಳಗೆ ಕನ್ನಡದಲ್ಲಿ ಮೂರೇ ಪದ. ಮಕ್ಕಳ ಬೆರಳು ಆಡಿ ಆಡಿ ಆ ಅಕ್ಷರಗಳು ನುಣುಪಾಗಿವೆ. ಮಗು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಗಾಳಿಗೆ ದನಿ ಏರಿಸಿ ಓದುತ್ತದೆ.

"ಕದಿರಮ್ಮ... ಮೇಷ್ಟರ... ಹೆಂಡತಿ."

ಹಿಂದೆ ನಿಂತ ಇಬ್ಬರೂ ಒಂದು ಮಾತು ಹೇಳಬೇಕು, ಅದೂ ಪದ್ಧತಿಯೇ. ಅವರು ಹೇಳುತ್ತಾರೆ: "ಕೇಳಿಸ್ತು."