ಎರರ್ ಬರೆದಿಟ್ಟವಳು

"ಸಾರ್, ಸೀನಿಯರ್‌ಗಳ ಲ್ಯಾಬ್ ರೆಕಾರ್ಡು ನೋಡಿ ಬರೆದುಬಿಡಲೇ?" ಎಂದು ಕೆಂಪರಾಜು ಕೇಳಿದ. ಅವನು ಕಾಲೇಜಿನಲ್ಲಿ ಕಂಪ್ಯೂಟರಿನ ಮೊದಲ ಪಾಠಗಳನ್ನು ಕಲಿಯುತ್ತಿದ್ದ. ಒಂದು ಪ್ರೋಗ್ರಾಂ ಮೂರು ವಾರದಿಂದ ಅವನ ಕೈಯಲ್ಲಿ ಓಡಿರಲಿಲ್ಲ. ಜೊತೆಯವರೆಲ್ಲ ಹಳೆಯ ರೆಕಾರ್ಡು ನಕಲು ಮಾಡಿ ಸಹಿ ಹಾಕಿಸಿಕೊಂಡಾಗಿತ್ತು. "ಸೋಮವಾರ ಒಂದು ಕೆಲಸಕ್ಕೆ ಸಂದರ್ಶನ. ಸಹಿಯಾದ ರೆಕಾರ್ಡು ತೋರಿಸಬೇಕು. ಈ ಕೆಲಸ ತಪ್ಪಿದರೆ ಮತ್ತೆ ಇಟ್ಟಿಗೆ ಗೂಡಿಗೇ ಹೋಗಬೇಕು ಸಾರ್."

ನಂಜುಂಡಾರಾಧ್ಯ ಮೇಷ್ಟ್ರು ಕನ್ನಡಕ ತೆಗೆದಿಟ್ಟರು. "ನಕಲು ಮಾಡುವುದಕ್ಕೂ ನನ್ನ ಅಪ್ಪಣೆ ಕೇಳುತ್ತೀಯಲ್ಲ, ಭಾರಿ ಮರ್ಯಾದಸ್ಥ ನೀನು. ಕೂತುಕೋ" ಎಂದು ಈ ಕತೆ ಹೇಳಿದರು.

ಒಬ್ಬ ವಿದ್ಯಾರ್ಥಿನಿ ಇದ್ದಳು. ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದವಳು, ಅದನ್ನು ಬಿಟ್ಟು ಕಾಲೇಜಿಗೆ ಸೇರಿದಳು. ಇನ್ನು ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಅವಳ ಹಟ.

ಲ್ಯಾಬಿನಲ್ಲಿ ಎಲ್ಲರೂ ರೆಕಾರ್ಡಿಗೆ ಸರಿ ಉತ್ತರವನ್ನೇ ಇಳಿಸುತ್ತಿದ್ದರು. ಇವಳು ಪರದೆಯ ಮೇಲೆ ಏನು ಬಂತೋ ಅದನ್ನು ಬರೆದಳು. ಎರರ್ ಬಂದರೆ ಎರರ್ ಬರೆದಳು. ಯಾವ ಸಾಲು ತಿದ್ದಿದೆ, ತಿದ್ದಿದ ಮೇಲೆ ಏನಾಯಿತು ಎಂಬುದನ್ನೂ ಅದರ ಕೆಳಗೆ ಬರೆದಳು. ರೆಕಾರ್ಡು ಗಲೀಜಾಗಿದೆ ಎಂದು ಲೆಕ್ಚರರ್ ಅಂಕ ಕಳೆದರು. ಅವಳಿಗೆ ಅಳು ಬಂತು, ಆದರೆ ಬರೆಯುವುದನ್ನು ಬಿಡಲಿಲ್ಲ.

ಓದು ಮುಗಿಯಿತು. ಒಂದು ಬೀಜದ ಕಂಪನಿ ಒಂದೇ ಒಂದು ಕೆಲಸಕ್ಕೆ ಹನ್ನೆರಡು ಮಂದಿಯನ್ನು ಕರೆಯಿತು. ಎಲ್ಲರಿಗೂ ಒಂದೇ ಪ್ರೋಗ್ರಾಂ ಕೊಟ್ಟರು. ಚೀಲಗಳ ತೂಕ ಕೂಡಿಸುವಂಥದ್ದು. ಅದು ಏಳನೆಯ ಚೀಲಕ್ಕೆ ಬಂದು ನಿಂತುಬಿಡುತ್ತಿತ್ತು. ಅರ್ಧ ಗಂಟೆಯಲ್ಲಿ ಸರಿಮಾಡಬೇಕು. ಹನ್ನೊಂದು ಮಂದಿಯದೂ ಒಂದೇ ಮಾತು: "ಸಾರ್, ಈ ಸಿಸ್ಟಮ್ ಕೆಟ್ಟೋಗಿದೆ, ಬೇರೆ ಕೊಡಿ." ಬೇರೆ ಕೊಟ್ಟರು. ಅದೂ ಏಳರಲ್ಲೇ ನಿಂತಿತು. ಕಂಪನಿಯನ್ನು ಬೈದುಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು.

ಇವಳು ಏಳಲಿಲ್ಲ. ಎರರ್ ಅವಳಿಗೆ ಹೊಸದಲ್ಲ. ಒಂದೇ ಚೀಲದ ತೂಕ ಕೊಟ್ಟು ನೋಡಿದಳು, ಆರು ಚೀಲದ್ದು ಕೊಟ್ಟು ನೋಡಿದಳು. ಏಳನೆಯದರ ತೂಕ ಬದಲಿಸಿ ನೋಡಿದಳು. ಹೊತ್ತು ಮುಗಿದಾಗ ಒಂದು ಹಾಳೆ ಕೊಟ್ಟಳು. ಅದರಲ್ಲಿ ಹೀಗಿತ್ತು: "ಆರರವರೆಗೆ ಸರಿ ಬರುತ್ತದೆ. ತೂಕದಲ್ಲಿ ದೋಷವಿಲ್ಲ. ಮೊದಲ ನಾಲ್ಕು ಸಾಲುಗಳಲ್ಲಿ ದೋಷವಿಲ್ಲ. ಇನ್ನು ಮೂರು ಸಾಲು ನೋಡುವುದು ಉಳಿದಿದೆ." ಕೆಲಸ ಅವಳಿಗೆ ಸಿಕ್ಕಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ಕೆಂಪರಾಜುವಿಗೆ ಸಮಾಧಾನವಾಗಲಿಲ್ಲ.

"ಅವಳೂ ಸರಿಮಾಡಲಿಲ್ಲವಲ್ಲ ಸಾರ್. ಮತ್ತೆ ಕೆಲಸ ಹೇಗೆ ಕೊಟ್ಟರು?"

"ಸರಿಮಾಡಲಿಲ್ಲ, ಆದರೆ ಬಿಟ್ಟು ಏಳಲೂ ಇಲ್ಲ; ಎಲ್ಲಿಯವರೆಗೆ ಹುಡುಕಿದೆ ಎಂದು ಇದ್ದದ್ದನ್ನು ಇದ್ದಂತೆ ಬರೆದುಕೊಟ್ಟಳು. ಎಲ್ಲ ತನ್ನಷ್ಟಕ್ಕೆ ತಾನೇ ಸರಿಯಾಗಿ ಓಡುವಂತಿದ್ದರೆ, ಅವರು ಸಂಬಳ ಕೊಟ್ಟು ಯಾರನ್ನಾದರೂ ಯಾಕಪ್ಪ ಇಟ್ಟುಕೊಳ್ಳುತ್ತಾರೆ?"