ಮೂರು ಕಸಿ ಮತ್ತು ಒಂದು ಒಣಕಡ್ಡಿ

ಮಾವಿಗೆ ಕಸಿ ಕಟ್ಟುವುದರಲ್ಲಿ ಹೊಳೆಯ ಆಚೆಗೂ ಈಚೆಗೂ ನನ್ನ ಸಮ ಯಾರೂ ಇರಲಿಲ್ಲ. ಸುಳ್ಳಲ್ಲ, ಯಾರನ್ನಾದರೂ ಕೇಳಿ.

ಆ ವಿದ್ಯೆಯನ್ನೇ ಆನ್‌ಲೈನ್ ಕೋರ್ಸ್ ಮಾಡಿದೆ. ಒಂಬತ್ತು ವಿಡಿಯೊ ತೆಗೆದೆ. ಕೋರ್ಸಿನ ಪರಿಚಯದ ಮೊದಲ ಪುಟ ಬರೆದು, ಆಶೀರ್ವಾದಕ್ಕೆಂದು ಆಶ್ರಮಕ್ಕೆ ಒಯ್ದೆ.

ಗುರುಗಳು ಓದಿದರು. "'ಕಲಿತವರು ಕಸಿಯ ಮಹತ್ವವನ್ನು ಅರಿಯುತ್ತಾರೆ.' ಇದೇನಪ್ಪಾ ಕರಿಬಸವ?"

"ಕಲಿಕಾ ಫಲ, ಬುದ್ಧಿ. ಕೋರ್ಸ್ ಮುಗಿಸಿದವರಿಗೆ ಏನು ಬರುತ್ತೆ ಅಂತ. ಇಷ್ಟು ಚೆಂದ ಯಾರು ಬರೀತಾರೆ?"

"ಯಾರಾದರೂ ಮುಗಿಸಿದ್ದಾರೊ?"

"ನಿಮ್ಮ ಅಡುಗೆಮನೆ ಪುಟ್ಟತಾಯಮ್ಮನೇ ಒಂಬತ್ತೂ ನೋಡಿದ್ದಾರೆ."

ಅಷ್ಟರಲ್ಲಿ ಪುಟ್ಟತಾಯಮ್ಮನೇ ಒದ್ದೆ ಬಟ್ಟೆಯಲ್ಲಿ ಆರು ಕಡ್ಡಿ ಸುತ್ತಿಕೊಂಡು ಬಂದರು. ಅವರ ತವರಿನ ಮಾವಿನಮರವನ್ನು ಆ ಬೆಳಿಗ್ಗೆ ರಸ್ತೆಗೆಂದು ಕಡಿದಿದ್ದರು. ಆ ಮರದ್ದು ಅಂತ ಉಳಿದದ್ದು ಈ ಕಡ್ಡಿಗಳಷ್ಟೇ.

"ಕಸಿಯ ಮಹತ್ವ ಹೇಳವ್ವ," ಎಂದರು ಗುರುಗಳು.

ಆಕೆ ಪಟಪಟನೆ ಹೇಳಿದರು. ನನ್ನ ಎದೆ ಉಬ್ಬಿತು.

ಗುರುಗಳು ಚಾಕು, ಸಸಿ ಕೊಟ್ಟರು. "ಕಟ್ಟು."

ಮೊದಲ ಕಡ್ಡಿ ಸಸಿಯಲ್ಲಿ ಕೂರಲಿಲ್ಲ. ಎರಡನೆಯದು ಸೀಳಿಹೋಯಿತು.

"ಇನ್ನು ನಾಲ್ಕೇ ಅವೆ," ಎಂದು ಆಕೆ ಚಾಕು ಕೆಳಗಿಟ್ಟರು. "ಕರಿಬಸಣ್ಣ, ನೀನು ವಿಡಿಯೊದಾಗೆ ಚೆಂದ ಮಾತಾಡ್ತೀಯ ಕಣಪ್ಪ. ನನ್ನ ಕೈಗೇನೂ ಬರಲಿಲ್ಲ."

"ಕೊಡಿ, ನಾನೇ ಕಟ್ಟಿಕೊಡ್ತೀನಿ."

ಗುರುಗಳು ನನ್ನ ಕೈ ತಡೆದರು. "ನೀನು ಕಟ್ಟಬಲ್ಲೆ ಅನ್ನುವುದು ಊರಿಗೇ ಗೊತ್ತು, ದಿನಾ ನೀನೇ ಹೇಳ್ತೀಯಲ್ಲ. ನಿನ್ನ ಕೋರ್ಸ್ ಮುಗಿಸಿ ಈಯಮ್ಮ ಏನು ಮಾಡಬಲ್ಲಳು, ಅದನ್ನು ಬರಿ."

ಹಾಳೆ ತಿರುಗಿಸಿ ಬರೆದೆ: 'ಕಲಿತವರು ಕಡ್ಡಿಯ ತುದಿಯನ್ನು ಬೆಣೆಯಂತೆ ಹೆರೆದು, ಸಸಿಯ ಸೀಳಿನಲ್ಲಿ ತೊಗಟೆಗೆ ತೊಗಟೆ ಕೂಡಿಸಿ, ತಾವೇ ಕಟ್ಟುತ್ತಾರೆ.'

ಬರೆದ ಮೇಲೆ ಗೊತ್ತಾಯಿತು: ಕಡ್ಡಿ ಹೆರೆಯುವುದನ್ನು ನಾನು ಒಂಬತ್ತರಲ್ಲಿ ಒಂದರಲ್ಲೂ ನಿಧಾನವಾಗಿ ತೋರಿಸಿರಲಿಲ್ಲ.

ಸಂಜೆವರೆಗೆ ಇಬ್ಬರೂ ಅಭ್ಯಾಸಕ್ಕೆಂದು ದಾಸವಾಳದ ಕಡ್ಡಿ ಹೆರೆದೆವು. ಆಮೇಲೆ ಪುಟ್ಟತಾಯಮ್ಮ ನಾಲ್ಕೂ ಕಸಿಯನ್ನು ತಾವೇ ಕಟ್ಟಿದರು. ನಾನು ಕೈಕಟ್ಟಿ ಕೂತಿದ್ದೆ. ನನ್ನನ್ನು ಹಾಗೆ ಕೂರಿಸಿದ ಗುರುಗಳಿಗೆ ಇಂದಿಗೂ ಋಣಿ.

ತಿಂಗಳೊಳಗೆ ಮೂರು ಚಿಗುರಿದವು. ಪುಟ್ಟತಾಯಮ್ಮ ಎಳೆಯ ಎಲೆ ಮುಟ್ಟಿ ಅತ್ತರು. "ನಮ್ಮವ್ವನ ಮರ ಉಳೀತು, ಬುದ್ಧಿ. ನಿಮ್ಮಿಬ್ಬರ ಹೊಟ್ಟೆ ತಣ್ಣಗಿರಲಿ."

ನಾನು ಹೊಸ ಪುಟವನ್ನು ಗುರುಗಳ ಮುಂದೆ ಹಿಡಿದೆ. 'ನಾಲ್ಕರಲ್ಲಿ ಮೂರನ್ನು ಚಿಗುರಿಸುತ್ತಾರೆ' ಎಂದು ದಪ್ಪ ಅಕ್ಷರದಲ್ಲಿ ಸೇರಿಸಿದ್ದೆ. ಈ ಸಲ ಹೊಗಳದೆ ಎಲ್ಲಿ ಹೋಗುತ್ತಾರೆ ಅಂದುಕೊಂಡೆ.

ಗುರುಗಳು ಒಣಗಿದ ನಾಲ್ಕನೆಯ ಕಡ್ಡಿಯನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು.

"ಇದು ಯಾಕೆ ಒಣಗಿತು ಅಂತ ಈಯಮ್ಮ ಹೇಳಬಲ್ಲಳೊ? ಅದನ್ನು ಬರಿ."